ಪ್ರಯಾಣಿಕರ ಲಸಿಕೆ ಚೀಟಿಯ ಹಿಂದೊಂದು ಬದುಕು: ಪ್ಲೇಗ್ ಲಸಿಕೆ ಕೊಟ್ಟ ಹಾಫ್‌ಕಿನ್ ಕಥೆ, ಹುಬ್ಬಳ್ಳಿಯ ನಂಟು

ವಿಜಯವಾಡದ ಭವಾನಿಪುರಂನಿಂದ ಹೊರಟವರಿರಲಿ, ಹುಬ್ಬಳ್ಳಿಯ ವಿದ್ಯಾನಗರದಿಂದ ಹೊರಟವರಿರಲಿ, ನೈಜೀರಿಯಾ ಅಥವಾ ಉಗಾಂಡಾಕ್ಕೆ ಕೆಲಸದ ಮೇಲೆ ಹೋಗಿ ಬರುವವರ ಬ್ಯಾಗಿನಲ್ಲಿ ಪಾಸ್‌ಪೋರ್ಟ್ ಜೊತೆ ಇನ್ನೊಂದು ಸಣ್ಣ ಪುಸ್ತಕವೂ ಇರಬೇಕು. ಅದರ ಬಣ್ಣ ಹಳದಿ. ಯೆಲ್ಲೋ ಫೀವರ್ ಅಂದರೆ ಹಳದಿ ಜ್ವರಕ್ಕೆ ಲಸಿಕೆ ಹಾಕಿಸಿಕೊಂಡಿದ್ದೇವೆ ಎಂಬುದಕ್ಕೆ ಅದೇ ಸಾಕ್ಷಿ. ಆ ಪುಸ್ತಕವಿಲ್ಲದೆ ಹಳದಿ ಜ್ವರದ ದೇಶದಿಂದ ಭಾರತಕ್ಕೆ ಬಂದಿಳಿದರೆ ಮನೆಗೆ ಹೋಗುವ ಮೊದಲು ಕ್ವಾರಂಟೈನ್ ಕೇಂದ್ರದಲ್ಲಿ ಗರಿಷ್ಠ 6 ದಿನ ಕಳೆಯಬೇಕಾಗುತ್ತದೆ.

ಕೋವಿಡ್ ಕಾಲದಲ್ಲಿ ನಮಗೆಲ್ಲ ಇದರ ಅನುಭವ ಇನ್ನೊಂದು ಬಗೆಯಲ್ಲಿ ಆಯಿತು. ಎರಡು ಡೋಸ್ ಆಗಿದೆಯೇ, ಪ್ರಮಾಣಪತ್ರ ಎಲ್ಲಿ, ಕ್ಯೂಆರ್ ಕೋಡ್ ತೋರಿಸಿ ಎಂಬ ಮಾತು ವಿಮಾನ ನಿಲ್ದಾಣದಿಂದ ಮಾಲ್ ಬಾಗಿಲಿನವರೆಗೆ ಕೇಳಿಬಂತು. ಲಸಿಕೆ ಹಾಕಿಸಿಕೊಂಡವರಿಗೆ ದಾರಿ, ಇಲ್ಲದವರಿಗೆ ತಡೆ ಎಂಬ ನಿಯಮ ಅನೇಕರಿಗೆ ಹೊಸದೆನಿಸಿತ್ತು.

ಆದರೆ ಇದು ಹೊಸದಲ್ಲ. 125 ವರ್ಷಗಳ ಹಿಂದೆ ನಮ್ಮದೇ ಹುಬ್ಬಳ್ಳಿ, ಧಾರವಾಡದ ಜನ ಇಂಥ ಚೀಟಿಯನ್ನು ಕೈಯಲ್ಲಿ ಹಿಡಿದಿದ್ದರು. ಆಗಿನ ರೋಗ ಪ್ಲೇಗ್. ಆ ಚೀಟಿಯ ಹಿಂದಿದ್ದ ಲಸಿಕೆಯನ್ನು ಮುಂಬೈನ ಒಂದು ಕೋಣೆಯಲ್ಲಿ ತಯಾರಿಸಿದವರು ವಾಲ್ಡೆಮಾರ್ ಹಾಫ್‌ಕಿನ್. ಲಕ್ಷಾಂತರ ಭಾರತೀಯರಿಗೆ ಲಸಿಕೆ ತಲುಪಿಸಿದ ಈ ವಿಜ್ಞಾನಿಯ ಬದುಕು ಒಂದೇ ಒಂದು ಬಾಟಲಿಯಿಂದ ತಲೆಕೆಳಗಾಯಿತು. ಅವರ ಕಥೆ ಇಲ್ಲಿದೆ.

ಒಡೆಸ್ಸಾದಿಂದ ಪ್ಯಾರಿಸ್‌ಗೆ

ಹಾಫ್‌ಕಿನ್ ಹುಟ್ಟಿದ್ದು 1860ರ ಮಾರ್ಚ್ 15ರಂದು, ಆಗ ರಷ್ಯಾ ಸಾಮ್ರಾಜ್ಯದಲ್ಲಿದ್ದ, ಈಗ ಉಕ್ರೇನ್‌ನಲ್ಲಿರುವ ಒಡೆಸ್ಸಾ ಬಂದರು ನಗರದಲ್ಲಿ. ಮನೆತನ ಯಹೂದಿ ವ್ಯಾಪಾರಸ್ಥರದು. ಬಾಲ್ಯದ ಹೆಚ್ಚಿನ ಭಾಗ ಕಳೆದದ್ದು ಬೆರ್ಡಿಯಾನ್ಸ್ಕ್ ಎಂಬ ಇನ್ನೊಂದು ಕರಾವಳಿ ಊರಿನಲ್ಲಿ. ಓದಿನಲ್ಲಿ ಮುಂದಿದ್ದ ಹುಡುಗ ಒಡೆಸ್ಸಾದ ವಿಶ್ವವಿದ್ಯಾಲಯ ಸೇರಿ ಪ್ರಾಣಿಶಾಸ್ತ್ರ ಆರಿಸಿಕೊಂಡರು. ಅಲ್ಲಿ ಅವರಿಗೆ ಗುರುವಾಗಿ ಸಿಕ್ಕವರು ಇಲ್ಯಾ ಮೆಚ್ನಿಕಾಫ್. ರೋಗಾಣುಗಳ ವಿರುದ್ಧ ದೇಹ ಹೇಗೆ ಹೋರಾಡುತ್ತದೆ ಎಂಬ ಸಂಶೋಧನೆಗೆ ಮುಂದೆ 1908ರಲ್ಲಿ ನೊಬೆಲ್ ಪಡೆದವರು ಇವರೇ.

ಆ ದಿನಗಳಲ್ಲಿ ರಷ್ಯಾದಲ್ಲಿ ಯಹೂದಿಗಳ ಬದುಕು ಸುಲಭವಿರಲಿಲ್ಲ. 1881ರಲ್ಲಿ ತ್ಸಾರ್ ಎರಡನೇ ಅಲೆಕ್ಸಾಂಡರ್ ಹತ್ಯೆಯ ನಂತರ ಯಹೂದಿಗಳ ಮೇಲೆ ದಾಳಿಗಳು ನಡೆದವು. ವಿದ್ಯಾರ್ಥಿಯಾಗಿದ್ದ ಹಾಫ್‌ಕಿನ್ ತಮ್ಮವರ ರಕ್ಷಣೆಗೆ ನಿಂತು ಗಾಯಗೊಂಡರು, ಬಂಧನಕ್ಕೂ ಒಳಗಾದರು. ಮೆಚ್ನಿಕಾಫ್ ಅವರ ಪರವಾಗಿ ನಿಂತದ್ದರಿಂದ ಬಿಡುಗಡೆಯಾಯಿತು. ಪದವಿ, ಡಾಕ್ಟರೇಟ್ ಎರಡೂ ಕೈಗೆ ಬಂದವು. ಆದರೆ ಪ್ರಾಧ್ಯಾಪಕ ಹುದ್ದೆ ಬೇಕಿದ್ದರೆ ರಷ್ಯಾದ ಕ್ರೈಸ್ತ ಧರ್ಮಕ್ಕೆ ಸೇರಬೇಕಿತ್ತು. ಅದಕ್ಕೆ ಅವರು ಒಪ್ಪಲಿಲ್ಲ. ಒಡೆಸ್ಸಾದ ಪ್ರಾಣಿ ಸಂಗ್ರಹಾಲಯದಲ್ಲಿ ಸಣ್ಣ ಕೆಲಸ ಮಾಡುತ್ತ ಸಂಶೋಧನೆ ಮುಂದುವರಿಸಿದರು.

1888ರಲ್ಲಿ ಅವರು ದೇಶ ಬಿಟ್ಟು ಸ್ವಿಟ್ಜರ್‌ಲೆಂಡಿನ ಜಿನೀವಾಕ್ಕೆ ಹೋದರು. ಮರುವರ್ಷ ಪ್ಯಾರಿಸ್ ಸೇರಿದರು. ಲೂಯಿ ಪಾಶ್ಚರ್ ಹೆಸರಿನಲ್ಲಿ ಆಗಷ್ಟೇ ಆರಂಭವಾಗಿದ್ದ ಸಂಸ್ಥೆಯಲ್ಲಿ ಮೆಚ್ನಿಕಾಫ್ ಕೆಲಸಕ್ಕೆ ಸೇರಿದ್ದರು. ಶಿಷ್ಯನಿಗೆ ಅಲ್ಲಿ ಖಾಲಿ ಇದ್ದದ್ದು ಗ್ರಂಥಪಾಲಕನ ಕೆಲಸ ಮಾತ್ರ. ಹಾಫ್‌ಕಿನ್ ಅದನ್ನೇ ಒಪ್ಪಿಕೊಂಡರು. ಪುಸ್ತಕಗಳ ಕೆಲಸ ಮುಗಿದ ಮೇಲೆ ಉಳಿದ ಹೊತ್ತೆಲ್ಲ ಪ್ರಯೋಗಾಲಯದಲ್ಲೇ.

ತಮ್ಮ ಮೈಗೇ ಮೊದಲ ಸೂಜಿ

ಅವರು ಕೈಗೆತ್ತಿಕೊಂಡದ್ದು ಕಾಲರಾ. ನೀರಿನ ಮೂಲಕ ಹರಡಿ ಒಂದೆರಡು ದಿನಗಳಲ್ಲೇ ಮನೆಮಂದಿಯನ್ನೆಲ್ಲ ಬಲಿ ತೆಗೆದುಕೊಳ್ಳುತ್ತಿದ್ದ ಈ ರೋಗ 19ನೇ ಶತಮಾನದಲ್ಲಿ ಹಡಗುಗಳ ಜೊತೆ ಜಗತ್ತನ್ನು ಮತ್ತೆ ಮತ್ತೆ ಸುತ್ತಿತ್ತು. ಹಾಫ್‌ಕಿನ್ ಕಾಲರಾ ರೋಗಾಣುವನ್ನು ಶಾಖದಿಂದ ದುರ್ಬಲಗೊಳಿಸಿ ಮೊದಲ ಡೋಸ್ ಮಾಡಿದರು. ಗಿನಿಯಿಲಿಗಳ ಮೂಲಕ ಹಾಯಿಸಿ ಪ್ರಬಲಗೊಳಿಸಿದ ರೋಗಾಣುವಿನಿಂದ ಎರಡನೇ ಡೋಸ್ ಮಾಡಿದರು. ಮೊದಲನೆಯದು ದೇಹವನ್ನು ಎಚ್ಚರಿಸಲು, ಎರಡನೆಯದು ರಕ್ಷಣೆಯನ್ನು ಗಟ್ಟಿಗೊಳಿಸಲು.

ಪ್ರಾಣಿಗಳಲ್ಲಿ ಇದು ಕೆಲಸ ಮಾಡಿತು. ಮನುಷ್ಯರಲ್ಲಿ ಮಾಡುತ್ತದೆಯೇ? 1892ರ ಜುಲೈ 18ರಂದು ಹಾಫ್‌ಕಿನ್ ತಮ್ಮ ಮೈಗೇ ಸೂಜಿ ಚುಚ್ಚಿಕೊಂಡರು. ಜ್ವರ ಬಂತು, ನೋವಾಯಿತು, ನಂತರ ಎಲ್ಲ ಇಳಿಯಿತು. ಕೆಲ ದಿನ ಬಿಟ್ಟು ಎರಡನೇ ಡೋಸನ್ನೂ ತೆಗೆದುಕೊಂಡರು. ಮುಂದೆ ಅವರ ಸ್ನೇಹಿತರು ಕೂಡ ಸ್ವಇಚ್ಛೆಯಿಂದ ಲಸಿಕೆ ಪಡೆದರು.

ಆದರೆ ಲಸಿಕೆ ಸುರಕ್ಷಿತ ಎಂದರಷ್ಟೇ ಸಾಲದು, ಅದು ಕಾಲರಾವನ್ನು ತಡೆಯುತ್ತದೆ ಎಂದು ತೋರಿಸಲು ಕಾಲರಾ ಇರುವ ಊರು ಬೇಕಿತ್ತು. ಆ ವರ್ಷ ರಷ್ಯಾದಲ್ಲೇ ಕಾಲರಾ ಹರಡಿತ್ತು, ಆದರೆ ಅಲ್ಲಿ ಅವರಿಗೆ ಅವಕಾಶ ಸಿಗಲಿಲ್ಲ. ಭಾರತದ ಮಾಜಿ ವೈಸರಾಯ್ ಲಾರ್ಡ್ ಡಫರಿನ್ ಆಗ ಪ್ಯಾರಿಸ್‌ನಲ್ಲಿ ಬ್ರಿಟಿಷ್ ರಾಯಭಾರಿ. ಭಾರತಕ್ಕೆ ಹೋಗಿ ಎಂಬ ಸಲಹೆ ಅವರಿಂದ ಬಂತು. ಹೀಗೆ 1893ರ ಮಾರ್ಚ್‌ನಲ್ಲಿ 33ರ ಹರೆಯದ ಹಾಫ್‌ಕಿನ್ ಕಲ್ಕತ್ತಾಕ್ಕೆ ಬಂದಿಳಿದರು.

ಬಲವಂತ ಬೇಡ ಎಂದ ವಿಜ್ಞಾನಿ

ಪರದೇಶದವನು, ಕೈಯಲ್ಲಿ ಸೂಜಿ. ಜನ ನಂಬುವುದಾದರೂ ಹೇಗೆ? ಕಲ್ಕತ್ತಾದ ಬಸ್ತಿಗಳಲ್ಲಿ ವಿರೋಧ ಎದುರಾಯಿತು. ಆಗ ಅವರ ಜೊತೆಗಿದ್ದ ಭಾರತೀಯ ವೈದ್ಯರು ಜನರ ಎದುರಿನಲ್ಲೇ ಮೊದಲು ತಾವು ಚುಚ್ಚಿಸಿಕೊಂಡರು. ಅದನ್ನು ನೋಡಿ ಒಬ್ಬೊಬ್ಬರೇ ಮುಂದೆ ಬಂದರು.

ಹಾಫ್‌ಕಿನ್ ಎರಡು ನಿಯಮಗಳನ್ನು ಬಿಡಲಿಲ್ಲ. ಮೊದಲನೆಯದು, ಒಪ್ಪಿದವರಿಗೆ ಮಾತ್ರ ಲಸಿಕೆ. ಎರಡನೆಯದು, ಪ್ರತಿಯೊಂದಕ್ಕೂ ಲೆಕ್ಕ. ಒಂದೇ ಮನೆಯಲ್ಲಿ, ಒಂದೇ ಬಾವಿಯ ನೀರು ಕುಡಿಯುವವರಲ್ಲಿ ಕೆಲವರು ಲಸಿಕೆ ಪಡೆದು ಕೆಲವರು ಪಡೆಯದೇ ಇದ್ದರೆ, ರೋಗ ಬಂದಾಗ ಯಾರಿಗೆ ಏನಾಯಿತು ಎಂದು ಹೋಲಿಸಿ ನೋಡಬಹುದು. ಲಸಿಕೆಯ ಪ್ರಯೋಜನವನ್ನು ಅಂಕಿಗಳಲ್ಲಿ ತೋರಿಸುವ ಈ ದಾರಿ ಇಂದು ನಮಗೆ ಸಹಜವೆನಿಸುತ್ತದೆ. ಅಂದು ಅದನ್ನು ಹಳ್ಳಿ ಹಳ್ಳಿಗಳಲ್ಲಿ ಮಾಡಿದವರು ಅಪರೂಪ.

ಆಗ್ರಾ, ಪಂಜಾಬ್, ಬಂಗಾಳ, ಅಸ್ಸಾಂನ ಚಹಾ ತೋಟಗಳು ಹೀಗೆ ತಿರುಗುತ್ತ ಎರಡೂವರೆ ವರ್ಷಗಳಲ್ಲಿ 40 ಸಾವಿರಕ್ಕೂ ಹೆಚ್ಚು ಮಂದಿಗೆ ಕಾಲರಾ ಲಸಿಕೆ ಕೊಟ್ಟರು. ಈ ಅಲೆದಾಟದಲ್ಲಿ ಮಲೇರಿಯಾ ಅವರನ್ನು ಹಣ್ಣು ಮಾಡಿತು. 1895ರಲ್ಲಿ ಚಿಕಿತ್ಸೆಗೆಂದು ಯುರೋಪಿಗೆ ಮರಳಿದವರು ಮರುವರ್ಷವೇ ಮತ್ತೆ ಭಾರತದಲ್ಲಿದ್ದರು.

ಮುಂಬೈನ ಒಂದು ಕೋಣೆ

1896ರ ಸೆಪ್ಟೆಂಬರ್‌ನಲ್ಲಿ ಮುಂಬೈನ ಮಾಂಡ್ವಿ ಪ್ರದೇಶದಲ್ಲಿ ಡಾ. ಅಕಾಸಿಯೊ ವೀಗಸ್ ಪ್ಲೇಗ್ ಇರುವುದನ್ನು ಗುರುತಿಸಿದರು. ಧಾನ್ಯದ ಗೋದಾಮುಗಳಲ್ಲಿ ಇಲಿಗಳು ಸಾಯುತ್ತಿದ್ದವು. ಬೆನ್ನಲ್ಲೇ ಜನರೂ. ಊರು ಖಾಲಿಯಾಗತೊಡಗಿತು. ಅಕ್ಟೋಬರ್‌ನಲ್ಲಿ ಸರ್ಕಾರ ಹಾಫ್‌ಕಿನ್ ಅವರನ್ನು ಕರೆಸಿಕೊಂಡಿತು.

ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಅವರಿಗೆ ಸಿಕ್ಕಿದ್ದು ಒಂದು ಕೋಣೆ, ಒಂದು ಪಡಸಾಲೆ, ಒಬ್ಬ ಗುಮಾಸ್ತ, ಮೂವರು ಜವಾನರು. ಪ್ಲೇಗ್ ರೋಗಾಣುವನ್ನು ಅಲೆಕ್ಸಾಂಡರ್ ಯೆರ್ಸಿನ್ 1894ರಲ್ಲಷ್ಟೇ ಹಾಂಗ್‌ಕಾಂಗ್‌ನಲ್ಲಿ ಕಂಡುಹಿಡಿದಿದ್ದರು. ಹಾಫ್‌ಕಿನ್ ಆ ರೋಗಾಣುವನ್ನು ಮಾಂಸದ ಸಾರಿನಲ್ಲಿ, ಮೇಲೆ ತುಪ್ಪದ ಹನಿಗಳನ್ನು ತೇಲಿಸಿ ಬೆಳೆಸಿದರು. ತುಪ್ಪದ ಅಡಿಯಿಂದ ರೋಗಾಣುಗಳು ಬಿಳಲುಗಳಂತೆ ಕೆಳಗಿಳಿದು ಬೆಳೆಯುತ್ತಿದ್ದವು. ಅವನ್ನು ಬಿಸಿ ಮಾಡಿ ಕೊಂದು ಲಸಿಕೆ ತಯಾರಿಸಿದರು. ಮೂರೇ ತಿಂಗಳಲ್ಲಿ ಮೊಲಗಳ ಮೇಲಿನ ಪ್ರಯೋಗ ಮುಗಿಯಿತು.

1897ರ ಜನವರಿ 10. ಮತ್ತೆ ತಮ್ಮ ಮೈಗೇ ಮೊದಲ ಸೂಜಿ. ಬೇರೆಯವರಿಗೆ ಕೊಡಬೇಕೆಂದಿದ್ದಕ್ಕಿಂತ ಹೆಚ್ಚಿನ ಪ್ರಮಾಣವನ್ನೇ ತೆಗೆದುಕೊಂಡರು. ಜೋರು ಜ್ವರ ಬಂದು ಹೋಯಿತು.

ಅದೇ ತಿಂಗಳ ಕೊನೆಗೆ ಬೈಕುಲ್ಲಾ ಜೈಲಿನಲ್ಲಿ ಪ್ಲೇಗ್ ಕಾಣಿಸಿಕೊಂಡಿತು. ಅರ್ಧದಷ್ಟು ಕೈದಿಗಳು ಲಸಿಕೆಗೆ ಒಪ್ಪಿದರು. ಲಸಿಕೆ ಪಡೆಯದ ಉಳಿದವರಲ್ಲಿ 12 ಮಂದಿಗೆ ರೋಗ ಬಂದು 6 ಮಂದಿ ಸತ್ತರು. ಲಸಿಕೆ ಪಡೆದವರಲ್ಲಿ ಇಬ್ಬರಿಗೆ ಮಾತ್ರ ರೋಗ ಬಂತು, ಯಾರೂ ಸಾಯಲಿಲ್ಲ. ಮುಂದಿನ ವರ್ಷ ಬರೋಡಾ ಬಳಿಯ ಉಂಧೇರಾ ಎಂಬ ಹಳ್ಳಿಯಲ್ಲಿ ಪ್ರತಿ ಮನೆಯ ಅರ್ಧ ಜನಕ್ಕೆ ಲಸಿಕೆ ಕೊಡಲಾಯಿತು. ಲಸಿಕೆ ಪಡೆದ 71 ಜನರಲ್ಲಿ 3 ಸಾವು, ಪಡೆಯದ 64 ಜನರಲ್ಲಿ 26 ಸಾವು. ಒಂದೇ ಸೂರಿನ ಕೆಳಗೆ ಇದ್ದವರ ನಡುವಿನ ವ್ಯತ್ಯಾಸವಿದು.

ರೈಲು, ಹಡಗು ಮತ್ತು ಕಾನೂನು

ಪ್ಲೇಗ್ ಬರೀ ಆರೋಗ್ಯದ ವಿಷಯವಾಗಿ ಉಳಿಯಲಿಲ್ಲ. ಮುಂಬೈನಿಂದ ಬರುವ ಹಡಗುಗಳನ್ನು ಕಂಡರೆ ಯುರೋಪಿನ ಬಂದರುಗಳು ಹೆದರತೊಡಗಿದವು. 1897ರ ಆರಂಭದಲ್ಲಿ ಇಟಲಿಯ ವೆನಿಸ್‌ನಲ್ಲಿ ಹಲವು ದೇಶಗಳು ಸೇರಿ, ಪ್ಲೇಗ್ ಇರುವ ನಾಡಿನಿಂದ ಬರುವ ಹಡಗು ಮತ್ತು ಪ್ರಯಾಣಿಕರನ್ನು ಹೇಗೆ ತಪಾಸಣೆ ಮಾಡಬೇಕೆಂದು ಒಪ್ಪಂದ ಮಾಡಿಕೊಂಡವು. ಆ ವರ್ಷ ಮುಂಬೈನಿಂದ ಹಜ್ ಯಾತ್ರೆಗೂ ತಡೆ ಬಿತ್ತು.

ಅದೇ ವರ್ಷದ ಫೆಬ್ರವರಿಯಲ್ಲಿ ಭಾರತದಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ಜಾರಿಗೆ ಬಂತು. ರೈಲು ಪ್ರಯಾಣಿಕರನ್ನು ತಪಾಸಣೆ ಮಾಡುವ, ರೋಗದ ಶಂಕೆ ಇದ್ದವರನ್ನು ಬೇರೆ ಇರಿಸುವ ಅಧಿಕಾರವನ್ನು ಅದು ಸರ್ಕಾರಕ್ಕೆ ಕೊಟ್ಟಿತು. 2020ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಕೋವಿಡ್ ನಿಯಮಗಳನ್ನು ಹೊರಡಿಸಿದ್ದು ಇದೇ 1897ರ ಕಾಯ್ದೆಯ ಅಡಿಯಲ್ಲಿ.

ಕಾನೂನು ಬಳಕೆಯಾದ ರೀತಿ ಜನರನ್ನು ಕೆರಳಿಸಿತು. ಪುಣೆಯಲ್ಲಿ ಸೈನಿಕರು ಮನೆಗಳಿಗೆ, ದೇವರ ಕೋಣೆಗಳಿಗೆ ನುಗ್ಗಿ ಹುಡುಕಾಡಿದರು. ಹೆಂಗಸರನ್ನು ಬೀದಿಯಲ್ಲೇ ತಪಾಸಣೆ ಮಾಡಿದರೆಂಬ ಆಕ್ರೋಶ ಎದ್ದಿತು. 1897ರ ಜೂನ್ 22ರಂದು ಪ್ಲೇಗ್ ಅಧಿಕಾರಿ ರ್‍ಯಾಂಡ್ ಮೇಲೆ ಚಾಫೇಕರ್ ಸಹೋದರರು ಗುಂಡು ಹಾರಿಸಿದರು.

ನೆರೆಯ ಮದ್ರಾಸ್ ಪ್ರಾಂತ್ಯ ಇನ್ನೊಂದು ದಾರಿ ಹಿಡಿಯಿತು. ಪ್ಲೇಗ್ ಇರುವ ಊರಿನಿಂದ ಬಂದವರಿಗೆ ಪ್ಲೇಗ್ ಪಾಸ್‌ಪೋರ್ಟ್ ಎಂಬ ಚೀಟಿ ಕೊಟ್ಟು, ಅವರು ಹೋಗಿ ಇಳಿದ ಊರಿನಲ್ಲಿ ನಿಗದಿತ ದಿನಗಳ ಕಾಲ ಅಧಿಕಾರಿಯ ಮುಂದೆ ಹಾಜರಾಗಬೇಕೆಂದು ನಿಯಮ ಮಾಡಿತು. ರೈಲು ಬದಲಾಯಿಸುವ ಜಂಕ್ಷನ್‌ಗಳಲ್ಲಿ ತಪಾಸಣೆ ಸಾಮಾನ್ಯವಾಯಿತು.

ಇಲ್ಲಿಯೇ ಹಾಫ್‌ಕಿನ್ ಲಸಿಕೆಗೆ ಹೊಸ ಅರ್ಥ ಬಂತು. ಮುಂಬೈ ಪ್ರಾಂತ್ಯದಲ್ಲಿ ಲಸಿಕೆ ಪಡೆದವರಿಗೆ ಪ್ರಮಾಣಪತ್ರ ಕೊಡಲಾಗುತ್ತಿತ್ತು. ಅದು ಇದ್ದವರಿಗೆ ಪ್ರತ್ಯೇಕ ಶಿಬಿರದ ವಾಸ, ಪ್ರಯಾಣದ ತಡೆಯಂಥ ಕೆಲವು ನಿರ್ಬಂಧಗಳಿಂದ ವಿನಾಯಿತಿ ಸಿಗುತ್ತಿತ್ತು. ಬಲವಂತ ಬೇಡ ಎಂದಿದ್ದವರ ಲಸಿಕೆ ಈಗ ದಾರಿ ಬಿಡಿಸಿಕೊಡುವ ಚೀಟಿಯೂ ಆಯಿತು. ಸೈನಿಕರ ಬೂಟಿಗಿಂತ ಇದು ಮೇಲು ಎಂದು ಅನೇಕರಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಶಿಬಿರದ ಭಯಕ್ಕೆ ತೋಳು ಒಡ್ಡಿದವರೂ ಇದ್ದರು.

ಹುಬ್ಬಳ್ಳಿಯ ಆ ಬೇಸಿಗೆ

ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಹುಬ್ಬಳ್ಳಿ ಆಗ ಸದರ್ನ್ ಮರಾಠಾ ರೈಲ್ವೆಯ ದೊಡ್ಡ ಜಂಕ್ಷನ್. ಹತ್ತಿ ವ್ಯಾಪಾರದ ಊರು. ಗಿರಣಿಗಳು, ರೈಲ್ವೆ ಕಾರ್ಯಾಗಾರ, ಸುತ್ತಲಿನ ಹಳ್ಳಿಗಳಿಂದ ದುಡಿಯಲು ಬಂದ ಜನ. ಇಲ್ಲಿಂದ ಗದಗ, ಬಳ್ಳಾರಿ, ಗುಂತಕಲ್ ದಾಟಿ ಅದೇ ಕಂಪನಿಯ ರೈಲು ಮಾರ್ಗ ಬೆಜವಾಡದವರೆಗೆ, ಅಂದರೆ ಇಂದಿನ ವಿಜಯವಾಡದವರೆಗೆ ಹೋಗುತ್ತಿತ್ತು. ಅಲ್ಲಿಂದ ಕರಾವಳಿ ಹಿಡಿದು ವಿಶಾಖಪಟ್ಟಣದ ಕಡೆಗೆ ಇನ್ನೊಂದು ಮಾರ್ಗ. ಹುಬ್ಬಳ್ಳಿಯಲ್ಲಿ ರೋಗ ನಿಂತರೆ ಮಾತ್ರ ಈ ಹಳಿಗಳು ಸುರಕ್ಷಿತ ಎಂಬ ಪರಿಸ್ಥಿತಿ.

1898ರಲ್ಲಿ ಹುಬ್ಬಳ್ಳಿಯನ್ನು ಪ್ಲೇಗ್ ಹಿಂಡಿತು. ಸುಮಾರು 50 ಸಾವಿರ ಜನಸಂಖ್ಯೆಯ ಊರು. ಮಿಲಿಟರಿ ವೈದ್ಯ ಲ್ಯೂಮನ್ ಅವರ ಮುಂದಾಳತ್ವದಲ್ಲಿ ಹಾಫ್‌ಕಿನ್ ಲಸಿಕೆಯ ದೊಡ್ಡ ಅಭಿಯಾನ ನಡೆಯಿತು. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗಿನ ಅವಧಿಯಲ್ಲಿ 30 ಸಾವಿರಕ್ಕೂ ಹೆಚ್ಚು ಮಂದಿ ಲಸಿಕೆ ಪಡೆದರು. ಇಷ್ಟು ಜನ ಒಂದೇ ಊರಿನಲ್ಲಿ ಮುಂದೆ ಬಂದದ್ದು ಆ ಕಾಲಕ್ಕೆ ದೊಡ್ಡ ಸುದ್ದಿ. ಧಾರವಾಡ ಜಿಲ್ಲೆಯಲ್ಲಿ ದುಡಿದ ವೈದ್ಯೆ ಆಲಿಸ್ ಕಾರ್ಥಾರ್ನ್ ಹೆಸರೂ ಈ ಕೆಲಸದ ಜೊತೆ ಉಳಿದಿದೆ. ಪರಪುರುಷ ವೈದ್ಯರ ಮುಂದೆ ತೋಳು ಒಡ್ಡಲು ಹಿಂಜರಿಯುವ ಹೆಂಗಸರಿಗೆ ಹೆಣ್ಣು ವೈದ್ಯೆ ಇರುವುದು ಎಷ್ಟು ಮುಖ್ಯವಾಗಿತ್ತೆಂದು ಬೇರೆ ಹೇಳಬೇಕಿಲ್ಲ.

ಲಸಿಕೆಯಿಂದ ರೋಗ ಪೂರ್ತಿ ನಿಲ್ಲಲಿಲ್ಲ. ಲಸಿಕೆ ಪಡೆದವರಲ್ಲೂ ಕೆಲವರು ಸತ್ತರು. ಆದರೆ ಪಡೆಯದವರಲ್ಲಿ ಸಾವು ಹಲವು ಪಟ್ಟು ಹೆಚ್ಚಿತ್ತು. ಹುಬ್ಬಳ್ಳಿಯ ಲೆಕ್ಕವನ್ನು ಜಗತ್ತಿನ ವೈದ್ಯರು ಮುಂದೆ ಅನೇಕ ವರ್ಷ ಉದಾಹರಿಸಿದರು.

ಅದೇ ವರ್ಷ ಆಗಸ್ಟ್‌ನಲ್ಲಿ ಬೆಂಗಳೂರಿಗೂ ಪ್ಲೇಗ್ ಬಂತು. ಹುಬ್ಬಳ್ಳಿ ಕಡೆಯಿಂದ ರೈಲಿನಲ್ಲಿ ಬಂದವರ ಜೊತೆ ಅದು ತಲುಪಿತೆಂದು ಆ ಕಾಲದ ವರದಿಗಳು ಗುರುತಿಸಿವೆ. ಪೇಟೆಯ ಇಕ್ಕಟ್ಟು ಬಿಟ್ಟು ಜನ ಹೊರಗೆ ಬಂದರು. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದದ್ದು ಆ ಹೊಡೆತದ ನಂತರ. ಊರಿನ ಕೆಲವೆಡೆ ಇಂದಿಗೂ ಇರುವ ಪ್ಲೇಗಮ್ಮನ ಗುಡಿಗಳು ಆ ಭಯದ ಗುರುತು.

53ಎನ್ ಎಂಬ ಬಾಟಲಿ

ಹಾಫ್‌ಕಿನ್ ಈಗ ಪ್ರಸಿದ್ಧರು. ಬ್ರಿಟಿಷ್ ಸರ್ಕಾರದಿಂದ ಗೌರವ, ಬ್ರಿಟಿಷ್ ಪೌರತ್ವ ಎರಡೂ ಸಿಕ್ಕವು. ಆಗಾ ಖಾನ್ ತಾವೇ ಎಲ್ಲರೆದುರು ಲಸಿಕೆ ಪಡೆದು ತಮ್ಮ ಸಮುದಾಯದ ಸಾವಿರಾರು ಮಂದಿಗೆ ಕೊಡಿಸಿದರು. 1899ರ ಆಗಸ್ಟ್‌ನಲ್ಲಿ ಮುಂಬೈನ ಪರೇಲ್‌ನಲ್ಲಿದ್ದ ಹಳೆಯ ಗವರ್ನರ್ ಬಂಗಲೆ ಅವರ ಪ್ಲೇಗ್ ಸಂಶೋಧನಾ ಪ್ರಯೋಗಾಲಯವಾಯಿತು. ಒಂದು ಕೋಣೆಯಿಂದ ಒಂದು ಅರಮನೆಗೆ, ಮೂರೇ ವರ್ಷದಲ್ಲಿ.

1902ರಲ್ಲಿ ಪಂಜಾಬ್‌ನಲ್ಲಿ ಪ್ಲೇಗ್ ಜೋರಾದಾಗ ಲಕ್ಷಗಟ್ಟಲೆ ಡೋಸ್‌ಗಳಿಗೆ ಬೇಡಿಕೆ ಬಂತು. ಬೇಗ ತಯಾರಿಸಲೆಂದು ವಿಧಾನದಲ್ಲಿ ಬದಲಾವಣೆ ಮಾಡಲಾಯಿತು. ಹಿಂದೆ ಲಸಿಕೆಗೆ ಸೇರಿಸುತ್ತಿದ್ದ ಕಾರ್ಬಾಲಿಕ್ ಆಮ್ಲವನ್ನು ಕೈಬಿಟ್ಟು ಶಾಖದಿಂದಲೇ ಶುದ್ಧಗೊಳಿಸುವ ಕ್ರಮ ಬಂತು.

ಅಕ್ಟೋಬರ್ 30ರಂದು, ಈಗ ಪಾಕಿಸ್ತಾನದಲ್ಲಿರುವ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಜನರಿಗೆ ಲಸಿಕೆ ಹಾಕಲಾಯಿತು. ಕೆಲ ದಿನಗಳಲ್ಲಿ ಅವರಲ್ಲಿ 19 ಮಂದಿಗೆ ಧನುರ್ವಾಯು ಬಂತು. ಹತ್ತೊಂಬತ್ತೂ ಜನ ಸತ್ತರು. ಎಲ್ಲರಿಗೂ ಲಸಿಕೆ ಹೋಗಿದ್ದು ಒಂದೇ ಬಾಟಲಿಯಿಂದ. ಅದರ ಮೇಲಿದ್ದ ಸಂಖ್ಯೆ 53ಎನ್. ಅಂದು ತೆರೆದ ಬೇರೆ ಬಾಟಲಿಗಳಿಂದ ಲಸಿಕೆ ಪಡೆದ ಯಾರಿಗೂ ಏನೂ ಆಗಿರಲಿಲ್ಲ.

ವಿಚಾರಣಾ ಆಯೋಗ ಕುಳಿತಿತು. ಬಾಟಲಿ ತೆರೆಯುವ ಮೊದಲೇ, ಅಂದರೆ ಮುಂಬೈನ ಪ್ರಯೋಗಾಲಯದಲ್ಲೇ ಸೋಂಕು ಸೇರಿತ್ತು ಎಂಬ ತೀರ್ಮಾನಕ್ಕೆ ಬಂತು. ಕಾರ್ಬಾಲಿಕ್ ಆಮ್ಲ ಬಿಟ್ಟದ್ದೇ ತಪ್ಪೆಂದು ಬೊಟ್ಟು ಮಾಡಲಾಯಿತು. ಹಾಫ್‌ಕಿನ್ ಅವರನ್ನು ಹುದ್ದೆಯಿಂದ ಇಳಿಸಲಾಯಿತು. ತಮ್ಮದೇ ಪ್ರಯೋಗಾಲಯದ ಬಾಗಿಲು ಅವರಿಗೆ ಮುಚ್ಚಿತು. 1904ರ ಹೊತ್ತಿಗೆ ಅವರು ಲಂಡನ್‌ನಲ್ಲಿದ್ದರು, ಕೆಲಸವಿಲ್ಲದೆ, ಹತ್ತೊಂಬತ್ತು ಸಾವುಗಳ ಹೊರೆ ಹೊತ್ತು.

ಲೆಕ್ಕವೇ ಕಾಪಾಡಿತು

ಮುಲ್ಕೋವಾಲ್ ದಾಖಲೆಗಳಲ್ಲಿ ಇನ್ನೊಂದು ವಿವರ ಇತ್ತು. ಬಾಟಲಿಯ ಮುಚ್ಚಳ ತೆಗೆಯಲು ಬಳಸುವ ಚಿಮಟ ಸಹಾಯಕನ ಕೈಯಿಂದ ನೆಲಕ್ಕೆ ಬಿದ್ದಿತ್ತು. ಮಣ್ಣಿನಲ್ಲಿ ಧನುರ್ವಾಯುವಿನ ರೋಗಾಣು ಇರುವುದು ಗೊತ್ತಿರುವ ಸಂಗತಿ. ಅದನ್ನು ಬೆಂಕಿಯಲ್ಲಿ ಹಿಡಿದು ಸರಿಯಾಗಿ ಶುದ್ಧ ಮಾಡದೆ ಮತ್ತೆ ಬಳಸಲಾಗಿತ್ತು. ಇನ್ನೂ ಒಂದು ಮಾತು. ಧನುರ್ವಾಯುವಿನ ರೋಗಾಣು ಬಾಟಲಿಯೊಳಗೆ ವಾರಗಟ್ಟಲೆ ಬೆಳೆದಿದ್ದರೆ ತೆರೆದಾಗ ಕೆಟ್ಟ ವಾಸನೆ ಬರಬೇಕಿತ್ತು. ಬಂದಿರಲಿಲ್ಲ. ಹಾಗಾದರೆ ಸೋಂಕು ಸೇರಿದ್ದು ಮುಂಬೈನಲ್ಲಿ ಅಲ್ಲ, ಹಳ್ಳಿಯಲ್ಲಿ, ಬಾಟಲಿ ತೆರೆದ ಆ ಗಳಿಗೆಯಲ್ಲಿ.

ಹಾಫ್‌ಕಿನ್ ಪರವಾಗಿ ದನಿ ಎತ್ತಿದವರಲ್ಲಿ ರೊನಾಲ್ಡ್ ರಾಸ್ ಮುಖ್ಯರು. 1895ರಲ್ಲಿ ಬೆಂಗಳೂರಿನಲ್ಲಿ ಕಾಲರಾ ತಡೆಯುವ ನೈರ್ಮಲ್ಯದ ಕೆಲಸ ಮಾಡಿ, 1897ರಲ್ಲಿ ಸಿಕಂದರಾಬಾದ್‌ನಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಪರಾವಲಂಬಿಯನ್ನು ಕಂಡು, 1902ರಲ್ಲಿ ನೊಬೆಲ್ ಪಡೆದ ವೈದ್ಯರಿವರು. 1907ರ ಜುಲೈನಲ್ಲಿ ರಾಸ್ ಮತ್ತು ಇತರ ವಿಜ್ಞಾನಿಗಳು ಲಂಡನ್‌ನ ಟೈಮ್ಸ್ ಪತ್ರಿಕೆಗೆ ಬರೆದು, ಹಾಫ್‌ಕಿನ್ ಮೇಲಿನ ಆರೋಪಕ್ಕೆ ಆಧಾರವಿಲ್ಲ ಎಂದು ಸಾರ್ವಜನಿಕವಾಗಿ ಹೇಳಿದರು. ಆ ವರ್ಷದ ಕೊನೆಗೆ ಸರ್ಕಾರ ಅವರಿಗೆ ಮತ್ತೆ ಭಾರತದಲ್ಲಿ ಕೆಲಸ ಕೊಡಲು ಒಪ್ಪಿತು.

ಬಾಟಲಿಗೊಂದು ಸಂಖ್ಯೆ, ಅದು ತೆರೆದ ದಿನ, ಅದರಿಂದ ಲಸಿಕೆ ಪಡೆದವರ ಪಟ್ಟಿ ಇವೆಲ್ಲ ಬರೆದಿಟ್ಟಿದ್ದರಿಂದಲೇ ಸತ್ಯ ಹೊರಬಂತು. ಲಸಿಕೆ ಕೆಲಸ ಮಾಡುತ್ತದೆ ಎಂದು ತೋರಿಸಿದ್ದ ಲೆಕ್ಕವೇ, ಅದನ್ನು ತಯಾರಿಸಿದವನು ತಪ್ಪಿತಸ್ಥನಲ್ಲ ಎಂದೂ ತೋರಿಸಿತು. ಆದರೆ ಐದು ವರ್ಷ ಕಳೆದಿತ್ತು. ಮುಂಬೈನ ಹಳೆಯ ಹುದ್ದೆ ಬೇರೆಯವರದಾಗಿತ್ತು. ಹಾಫ್‌ಕಿನ್ ಕಲ್ಕತ್ತಾಕ್ಕೆ ಬಂದು ಸಂಶೋಧನೆಗೆ ಸೀಮಿತವಾದರು. ಜನರ ನಡುವೆ ನಿಂತು ದೊಡ್ಡ ಅಭಿಯಾನ ನಡೆಸುವ ಅವಕಾಶ ಮತ್ತೆ ಸಿಗಲಿಲ್ಲ.

55ರ ಹೊತ್ತಿಗೆ ನಿವೃತ್ತರಾಗಿ ಯುರೋಪಿಗೆ ಮರಳಿದರು. ಮದುವೆಯಾಗಿರಲಿಲ್ಲ. ಕೊನೆಯ ವರ್ಷಗಳಲ್ಲಿ ತಮ್ಮ ಧರ್ಮದ ಅಧ್ಯಯನಕ್ಕೆ ಹೆಚ್ಚು ಸಮಯ ಕೊಟ್ಟರು. ಪೂರ್ವ ಯುರೋಪಿನ ಯಹೂದಿ ಪಾಠಶಾಲೆಗಳಿಗೆಂದು ತಮ್ಮ ಹಣದಿಂದ ನಿಧಿ ಸ್ಥಾಪಿಸಿದರು. 1930ರ ಅಕ್ಟೋಬರ್ 26ರಂದು ಸ್ವಿಟ್ಜರ್‌ಲೆಂಡಿನ ಲೋಸಾನ್‌ನಲ್ಲಿ 70ನೇ ವಯಸ್ಸಿನಲ್ಲಿ ತೀರಿಕೊಂಡರು.

ಅಷ್ಟರಲ್ಲಿ, 1925ರಲ್ಲೇ, ಪರೇಲ್‌ನ ಪ್ರಯೋಗಾಲಯಕ್ಕೆ ಹಾಫ್‌ಕಿನ್ ಸಂಸ್ಥೆ ಎಂದು ಹೆಸರಿಡಲಾಗಿತ್ತು. 1897ರಿಂದ ಆ ಹೊತ್ತಿಗೆ ಸುಮಾರು 2.6 ಕೋಟಿ ಡೋಸ್ ಪ್ಲೇಗ್ ಲಸಿಕೆ ಅಲ್ಲಿಂದ ಹೊರಹೋಗಿತ್ತು. 1964ರಲ್ಲಿ ಭಾರತದ ಅಂಚೆ ಇಲಾಖೆ ಅವರ ನೆನಪಿಗೆ ಅಂಚೆ ಚೀಟಿ ಹೊರತಂದಿತು.

ಅಂದಿನ ಚೀಟಿಯಿಂದ ಇಂದಿನ ಹಳದಿ ಪುಸ್ತಕದವರೆಗೆ

ಹಾಫ್‌ಕಿನ್ ತೀರಿಕೊಂಡ ನಂತರ ವಿಮಾನಗಳ ಕಾಲ ಬಂತು. ಹಡಗಿನಲ್ಲಿ ವಾರಗಟ್ಟಲೆ ಬರುವವರಲ್ಲಿ ರೋಗ ದಾರಿಯಲ್ಲೇ ಕಾಣಿಸಿಕೊಳ್ಳುತ್ತಿತ್ತು. ವಿಮಾನದಲ್ಲಿ ಬರುವವರು ರೋಗ ಕಾಣುವ ಮೊದಲೇ ಊರು ಸೇರಿಬಿಡುತ್ತಾರೆ. ಹಾಗಾಗಿ ಹೊರಡುವ ಮೊದಲೇ ಲಸಿಕೆ ಆಗಿರಬೇಕೆಂಬ ನಿಯಮಕ್ಕೆ ಬಲ ಬಂತು. 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಲ್ಲ ದೇಶಗಳಿಗೂ ಅನ್ವಯಿಸುವ ನಿಯಮಾವಳಿ ತಂದಿತು. ಅದರಲ್ಲಿ ಕಾಲರಾ, ಪ್ಲೇಗ್, ಸಿಡುಬು, ಹಳದಿ ಜ್ವರ ಸೇರಿ ಆರು ರೋಗಗಳಿದ್ದವು.

ಹಾಫ್‌ಕಿನ್ ದುಡಿದ ಎರಡು ರೋಗಗಳ ಲಸಿಕೆಗಳನ್ನೂ ಈಗ ಗಡಿಯಲ್ಲಿ ಯಾರೂ ಕೇಳುವುದಿಲ್ಲ. ಕಾಲರಾ ಲಸಿಕೆ ಪಡೆದವರಿಂದಲೂ ಸೋಂಕು ಹರಡಬಹುದು, ಚೀಟಿ ನೋಡಿ ಒಳಗೆ ಬಿಟ್ಟರೆ ಪ್ರಯೋಜನವಿಲ್ಲ ಎಂದು ಅರಿವಾದ ಮೇಲೆ 1973ರಲ್ಲಿ ಆ ಪ್ರಮಾಣಪತ್ರ ಕೇಳುವುದನ್ನು ಕೈಬಿಡಲು ದೇಶಗಳು ಒಪ್ಪಿದವು. ಸಿಡುಬು ಜಗತ್ತಿನಿಂದಲೇ ಹೋದ ಮೇಲೆ ಅದರ ಚೀಟಿಯೂ ಹೋಯಿತು. ಕೋವಿಡ್ ಕಾಲದಲ್ಲಿ ಭಾರತಕ್ಕೆ ಬರುವವರು 2022ರ ಫೆಬ್ರವರಿಯಿಂದ ಪೂರ್ಣ ಲಸಿಕೆಯ ಪ್ರಮಾಣಪತ್ರ ಅಥವಾ ಆರ್‌ಟಿ-ಪಿಸಿಆರ್ ವರದಿಯನ್ನು ಏರ್ ಸುವಿಧಾ ಪೋರ್ಟಲ್‌ನಲ್ಲಿ ಹಾಕಬೇಕಿತ್ತು. ಅದೇ ವರ್ಷದ ನವೆಂಬರ್‌ನಲ್ಲಿ ಆ ಘೋಷಣೆಯ ನಿಯಮವನ್ನು ಹಿಂತೆಗೆಯಲಾಯಿತು. ಲಸಿಕೆ ನಿಜಕ್ಕೂ ಏನನ್ನು ತಡೆಯುತ್ತದೆ ಎಂಬ ಲೆಕ್ಕ ಬದಲಾದಂತೆ ನಿಯಮವೂ ಬದಲಾಗಬೇಕು ಎಂಬುದೇ ಈ ಎಲ್ಲದರ ಪಾಠ.

ಹಳದಿ ಜ್ವರದ ಲಸಿಕೆ ಉಳಿದುಕೊಂಡದ್ದೂ ಅದೇ ಕಾರಣಕ್ಕೆ. 1937ರಲ್ಲಿ ಮ್ಯಾಕ್ಸ್ ಥೈಲರ್ ರೂಪಿಸಿದ ಈ ಲಸಿಕೆ ಒಂದೇ ಡೋಸ್‌ನಲ್ಲಿ ದೀರ್ಘಕಾಲ ಕಾಪಾಡುತ್ತದೆ. ಭಾರತದಲ್ಲಿ ಹಳದಿ ಜ್ವರ ಇಲ್ಲ, ಆದರೆ ಅದನ್ನು ಹರಡುವ ಈಡಿಸ್ ಸೊಳ್ಳೆ ಊರೂರಿನಲ್ಲಿದೆ. ಡೆಂಗಿ ತರುವುದೂ ಇದೇ ಸೊಳ್ಳೆ. ಸೋಂಕು ಹೊತ್ತ ಒಬ್ಬ ಪ್ರಯಾಣಿಕ ಬಂದರೂ ಸಾಕು ಎಂಬ ಆತಂಕದಿಂದ ನಮ್ಮ ದೇಶ ಈ ನಿಯಮವನ್ನು ಬಿಗಿಯಾಗಿ ಪಾಲಿಸುತ್ತದೆ.

ಆಫ್ರಿಕಾ ಅಥವಾ ದಕ್ಷಿಣ ಅಮೆರಿಕದ ಕಡೆ ಹೊರಡುವವರು ನೆನಪಿಡಬೇಕಾದದ್ದು ಇಷ್ಟು. ಲಸಿಕೆಯನ್ನು ಸರ್ಕಾರ ಅಧಿಕೃತಗೊಳಿಸಿದ ಕೇಂದ್ರದಲ್ಲೇ ಪಡೆಯಬೇಕು. ಪ್ರಮಾಣಪತ್ರ ಲಸಿಕೆಯ 10 ದಿನಗಳ ನಂತರವಷ್ಟೇ ಊರ್ಜಿತವಾಗುತ್ತದೆ, ಹಾಗಾಗಿ ಕೊನೆಯ ಗಳಿಗೆಗೆ ಬಿಡಬಾರದು. 2016ರ ಜುಲೈ 11ರಿಂದ ಈ ಪ್ರಮಾಣಪತ್ರ ಜೀವಮಾನವಿಡೀ ನಡೆಯುತ್ತದೆ, ಹತ್ತು ವರ್ಷಕ್ಕೊಮ್ಮೆ ಮತ್ತೆ ಹಾಕಿಸಿಕೊಳ್ಳಬೇಕಿಲ್ಲ.

ಆ ಪುಸ್ತಕ ಕೈಗೆ ಬಂದಾಗ ಒಮ್ಮೆ ಒಳಪುಟ ನೋಡಿ. ಲಸಿಕೆ ಹಾಕಿದ ದಿನಾಂಕ, ವೈದ್ಯರ ಸಹಿ, ಕೇಂದ್ರದ ಮೊಹರಿನ ಜೊತೆ ಲಸಿಕೆಯ ತಯಾರಕರ ಹೆಸರು ಮತ್ತು ಬ್ಯಾಚ್ ಸಂಖ್ಯೆಗೂ ಒಂದು ಕಲಂ ಇರುತ್ತದೆ. ಅವಸರದಲ್ಲಿ ಅದನ್ನು ಖಾಲಿ ಬಿಟ್ಟಿದ್ದರೆ ಕೇಳಿ ತುಂಬಿಸಿಕೊಳ್ಳಿ. 53ಎನ್ ಎಂಬ ಒಂದು ಸಂಖ್ಯೆ ಬರೆದಿಡದೇ ಹೋಗಿದ್ದರೆ, ಹುಬ್ಬಳ್ಳಿಯ ಸಾವಿರಾರು ಮನೆಗಳನ್ನು ಉಳಿಸಿದ ವಿಜ್ಞಾನಿಯ ಹೆಸರು ಕಳಂಕದೊಂದಿಗೇ ಮುಗಿದುಹೋಗುತ್ತಿತ್ತು.